ಎಡಗಾಲಿನ ಕಾಲಂ

ಮಳೆಗಾಲದಲ್ಲಿ ನಮ್ಮ ಕಡೆಯ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಪರ್ಕಳದ ನಮ್ಮ ಮನೆಯ ಗೇಟಿನ ಮುಂದೆ ನಿಲ್ಲುವ ಟೆಂಪೋದಲ್ಲಿ ಇರುವುದು ಎಲ್ಲಿಂದಲೋ ಐಸಿನಲ್ಲಿ ಬಂದ ಮೀನು. ಕಳೆದ ಜುಲೈಯಲ್ಲಿ ಒಂದು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದಾಗ ಕಣ್ಣಿನ ಒಳಮೂಲೆ ಚುರ್ರೆಂದಿತು. ಕೆಡದಿರಲಿ ಎಂದು ಮೀನಿಗೆ ಫಾರ್ಮಲಿನ್ ಹಾಕುತ್ತಾರೆ ಎಂಬ ಸುದ್ದಿ ಆಗ ಪೇಪರಿನಲ್ಲಿ ಬರುತ್ತಿತ್ತು. ಅದು ನಿಜವಾಗಿ ಫಾರ್ಮಲಿನ್ ಆಗಿತ್ತೋ, ಓದಿದ್ದನ್ನೇ ನನ್ನ ಮೂಗು ಮೂಸಿತೋ ಹೇಳಲಾರೆ. ಮೀನನ್ನು ಐಸಿನ ಮೇಲೆ ವಾಪಸ್ ಇಟ್ಟೆ.

“ಎಂತ ಬಾಯಮ್ಮ, ಮೀನು ಬಿಟ್ಟಿರಾ? ಇಗರ್ಜಿಯಲ್ಲಿ ಹೊಸ ಕಾನೂನಾ?” ಎಂದ ಟೆಂಪೋದವನು. ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ಇಲ್ಲಿಯ ರೂಢಿ. ಎಷ್ಟೋ ಜನ ಹಾಗೆ ಕರೆದಿದ್ದಾರೆ. ಆದರೆ ಆ ವಾಸನೆ ಮೂಗಿನಲ್ಲಿರುವಾಗ ಆ ಕರೆ ಕೇಳಿದರೆ ನನಗೆ ನೆನಪಾಗುವುದು ಒಬ್ಬರೇ.

ಆ ಸಂಜೆ ಕಪಾಟಿನ ಮೇಲಿನ ಟ್ರಂಕಿನಿಂದ ಎಂಬತ್ತೆರಡರ ಡೈರಿ ತೆಗೆದೆ. ಬೆನ್ನನ್ನು ಗೆದ್ದಲು ತಿಂದಿದೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳು ಓದುವಂತಿವೆ. ನನಗೆ ಬೇಕಾಗಿದ್ದುದು ಜೂನ್ ಕೊನೆಯ ಒಂದು ಗುರುವಾರ. ಆ ದಿನವನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ, ಈಗ ನನ್ನ ಬಳಿ ಉಳಿದಿರುವುದು ಆ ದಿನವೋ ಅದನ್ನು ನೆನೆಸಿಕೊಂಡ ದಿನಗಳೋ ಎಂದು ಅನುಮಾನ. ಆದ್ದರಿಂದ ಡೈರಿಯಲ್ಲಿ ಇರುವುದನ್ನು ಇದೆ ಎಂದೂ, ಇಲ್ಲದ್ದನ್ನು ಇಲ್ಲ ಎಂದೂ ಹೇಳುತ್ತಾ ಹೋಗುವುದು ಲೇಸು.

ಆಗ ನಾನು ಮಣಿಪಾಲದಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಟ್ಯೂಟರ್. ವೈದ್ಯಳಲ್ಲ, ಎಂ.ಎಸ್ಸಿ. ಮಾಡಿದವಳು. ಇಪ್ಪತ್ತೇಳು ವರ್ಷ. ಕಾರ್ಕಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ನನ್ನನ್ನು ಡಾಕ್ಟರು ಎನ್ನುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ಶವಗಳನ್ನು ಬಿಡಿಸಿ ಕಲಿಯುವ ಹಾಲಿನಲ್ಲಿ ನನ್ನ ದಿನ ಕಳೆಯುತ್ತಿತ್ತು. ಉದ್ದನೆಯ ಕೋಣೆ, ಎರಡು ಸಾಲು ಕಲ್ಲಿನ ಮೇಜು, ಒಂದೇ ಬದಿಯಲ್ಲಿ ಕಿಟಕಿ. ಹೃದಯಕ್ಕೆ, ಮುಖಕ್ಕೆ ವಿದ್ಯಾರ್ಥಿಗಳು ಮುಗಿಬೀಳುತ್ತಿದ್ದರು. ಕಾಲಿನ ಬಳಿಗೆ ಬರುವಾಗ ಎಲ್ಲರಿಗೂ ಅವಸರ. ಪಾದವನ್ನಂತೂ ಹಾಗೆಯೇ ಬಿಟ್ಟು ಹೋಗುತ್ತಿದ್ದರು. ಮಳೆ ಹಿಡಿದ ಮೇಲೆ ಬಿಟ್ಟ ಪಾದಗಳಿಗೆ ಬೂಸ್ಟು ಬರುತ್ತಿತ್ತು. ಹಾಲಿನ ಅಟೆಂಡರ್ ಬಾಬಣ್ಣ ಫಾರ್ಮಲಿನ್ನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಅವನ್ನು ಕಾಯುತ್ತಿದ್ದ. “ಬದುಕಿದ್ದಾಗ ಇವರಿಗೆ ಯಾರೂ ಸಾಕ್ಸ್ ಹಾಕಿರಲಿಕ್ಕಿಲ್ಲ ಮೇಡಂ,” ಎನ್ನುತ್ತಿದ್ದ.

ಆ ಬಿಟ್ಟ ಪಾದಗಳು ನನ್ನ ಕೈಗೆ ಬಂದದ್ದು ರಾಮದಾಸ ಸರ್ ಅವರಿಂದ. ಅವರು ಮೂಳೆಯ ಸರ್ಜನ್. ಕುಷ್ಠದಿಂದಲೋ ಗಾಯದಿಂದಲೋ ಪಾದ ಮೇಲೆತ್ತಲಾಗದೆ ಜೋತುಬಿದ್ದವರಿಗೆ, ಕಾಲಿನ ಒಂದು ಕಡೆಯ ಸ್ನಾಯುರಜ್ಜನ್ನು ಇನ್ನೊಂದು ಕಡೆಗೆ ಹೊಲಿದು ಪಾದ ಏಳುವಂತೆ ಮಾಡುವ ಕೆಲಸ ಅವರದ್ದು. ಸ್ನಾಯುರಜ್ಜು ಎಂದರೆ ಮಾಂಸವನ್ನು ಎಲುಬಿಗೆ ಕಟ್ಟುವ ಬಿಳಿಯ ಹುರಿ. ಜನ ಅದನ್ನೂ ನರ ಎಂದೇ ಕರೆಯುತ್ತಾರೆ. ಒಂದು ದಿನ ಸರ್ ಹಾಲಿಗೆ ಬಂದು ಮೇಜಿನ ಮೇಲೆ ಕೈಯೂರಿ ನಿಂತರು.

“ಪುಸ್ತಕದಲ್ಲಿರುವ ಕಾಲು ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಲ್ಲ ಹಿಲ್ಡಾ. ಒಬ್ಬನಿಗೆ ಒಂದು ಹುರಿ ಹೆಚ್ಚು, ಒಬ್ಬನಿಗೆ ಒಂದು ಕಡಿಮೆ. ಬಿಚ್ಚಿದ ಮೇಲೆ ಗೊತ್ತಾದರೆ ಎಂತ ಪ್ರಯೋಜನ? ನೀನು ನಿನ್ನ ಈ ಜನರ ಕಾಲುಗಳನ್ನೆಲ್ಲ ನೋಡಿ ಬರೆದಿಡು. ಬಲ ಬೇರೆ, ಎಡ ಬೇರೆ.”

ಬಲ ಬೇರೆ, ಎಡ ಬೇರೆ. ಈ ಮಾತು ಡೈರಿಯಲ್ಲಿ ಇದೆ.

ಉದ್ದ ರಿಜಿಸ್ಟರ್ ಒಂದನ್ನು ತಂದು ಗೆರೆ ಎಳೆದೆ. ಮೇಜಿನ ನಂಬರು, ಬಲಗಾಲು, ಎಡಗಾಲು. ಆ ಬೇಸಿಗೆಯಲ್ಲಿ ನಾನು ಕಂಡದ್ದನ್ನು ನೆನೆದರೆ ಈಗಲೂ ಒಂದು ಬಗೆಯ ಸಂತೋಷವಾಗುತ್ತದೆ. ಹೆಬ್ಬೆರಳನ್ನು ಎತ್ತುವ ಹುರಿಯ ಪಕ್ಕದಲ್ಲೇ ಹೆಚ್ಚಿನದೊಂದು ಮರಿಹುರಿ. ಅಂಗಾಲಿನ ಒಳಗೆ ಎರಡು ಹುರಿಗಳು ದಾಟುವ ಜಾಗದಲ್ಲಿ ಕೆಲವರಿಗೆ ದಪ್ಪನೆಯ ಗಂಟು, ಕೆಲವರಿಗೆ ಬರಿಯ ನೂಲು. ಎಲ್ಲಕ್ಕಿಂತ ನನ್ನನ್ನು ಹಿಡಿದದ್ದು ಪ್ಲಾಂಟಾರಿಸ್. ಮಂಡಿಯ ಹಿಂದೆ ಬೆರಳುದ್ದದ ಒಂದು ಮಾಂಸ. ಅಲ್ಲಿಂದ ಹಿಮ್ಮಡಿಯವರೆಗೆ ಇಳಿಯುವ, ಹಂಚಿಕಡ್ಡಿಗಿಂತ ತೆಳ್ಳಗಿನ ಹುರಿ. ಅದಕ್ಕೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲವೆಂದು ಅವರಿಗೆ ಸಾಯುವವರೆಗೂ ಗೊತ್ತಾಗುವುದಿಲ್ಲ. ಆದರೆ ಸರ್ಜನ್‌ಗೆ ಅದು ಬಂಗಾರ. ಬೇರೆಲ್ಲಾದರೂ ಹುರಿ ಕಡಿದು ನಡುವೆ ತೆರಪು ಬಿದ್ದಿದ್ದರೆ ಇದನ್ನು ಎಳೆದು ತೆಗೆದು, ಮಡಚಿ, ಆ ತೆರಪಿಗೆ ಹೊಲಿಯಬಹುದು.

ಹಾಲಿನ ರೂಢಿ ಹೀಗಿತ್ತು: ಒಂದು ಶವದ ಬಲಬದಿ ಒಂದು ಬ್ಯಾಚಿಗೆ, ಎಡಬದಿ ಇನ್ನೊಂದು ಬ್ಯಾಚಿಗೆ. ಬಲಬದಿಯೆಲ್ಲ ಕಿಟಕಿಯ ಕಡೆಗಿತ್ತು. ಜೂನ್ ಬಂದು ಮೋಡ ಕವಿದು ಮಧ್ಯಾಹ್ನವೇ ಕರೆಂಟು ಹೋಗತೊಡಗಿದ ಮೇಲೆ ನನಗೆ ಬೆಳಕು ಸಿಗುತ್ತಿದ್ದುದು ಬಲಗಾಲುಗಳ ಮೇಲೆ ಮಾತ್ರ. ಎಡಗಾಲುಗಳನ್ನು ಮುಂದಿನ ಬ್ಯಾಚಿಗೆಂದು ಬಾಬಣ್ಣ ಬಟ್ಟೆ ಸುತ್ತಿ ಇಟ್ಟಿದ್ದ. ಬಿಚ್ಚಿದರೆ ಒಣಗುತ್ತವೆ ಎಂದು ಗೊಣಗುತ್ತಿದ್ದ. ಮೊದಲ ಕೆಲವು ಮೇಜುಗಳಲ್ಲಿ ನಾನು ಎರಡೂ ಕಾಲು ನೋಡಿದ್ದೆ, ಎರಡೂ ಒಂದೇ ತರ ಇದ್ದವು. ಆಮೇಲೆ ಬಲಗಾಲನ್ನು ನೋಡಿ ಬರೆದು, ಎಡಗಾಲಿನ ಕಾಲಂನಲ್ಲಿ ‘ಅದೇ’ ಎಂದು ಸೂಚಿಸುವ ಎರಡು ಸಣ್ಣ ಗೆರೆ ಹಾಕತೊಡಗಿದೆ. ನನ್ನ ಹಿಂದಿನ ಟ್ಯೂಟರ್ ಬರೆದಿಟ್ಟ ಹಳೆಯ ಪುಸ್ತಕಗಳಲ್ಲೂ ಅದೇ ಎರಡು ಗೆರೆಗಳಿದ್ದವು. ಮಳೆ ಬಿಟ್ಟ ಮೇಲೆ ಒಂದೊಂದಾಗಿ ಬಿಚ್ಚಿ ನೋಡಿದರಾಯಿತು ಎಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದು ನಿಜವೋ, ಆಮೇಲೆ ಸೇರಿಸಿಕೊಂಡದ್ದೋ? ಡೈರಿಯಲ್ಲಿ ಇಲ್ಲ.

ಸರ್ ಪ್ರತಿ ಗುರುವಾರ ಕಾರ್ಕಳದ ಒಂದು ಸಣ್ಣ ಆಸ್ಪತ್ರೆಗೆ ಹೋಗುತ್ತಿದ್ದರು. ಹನ್ನೆರಡು ಮಂಚ, ಒಂದು ಥಿಯೇಟರ್. ಅದು ಈಗ ಇಲ್ಲ. ಜೂನ್ ತಿಂಗಳಲ್ಲಿ ಒಂದು ಗುರುವಾರ ಅವರ ಕಾರಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು. “ಸತ್ತವರ ಕಾಲು ನೋಡಿದ್ದು ಸಾಕು, ನಡೆಯುವವರದ್ದೂ ಸ್ವಲ್ಪ ನೋಡು,” ಎಂದರು.

ಶೀನ ಪೂಜಾರಿಯವರನ್ನು ನಾನು ಕಂಡದ್ದು ಅಲ್ಲಿ. ಎಲ್ಲೂರಿನವರು, ನಲ್ವತ್ತರ ಆಸುಪಾಸು, ಕಳ್ಳು ಇಳಿಸುವವರು. ಫೆಬ್ರವರಿಯಲ್ಲಿ ಮರದಿಂದ ಇಳಿಯುವಾಗ ಸೊಂಟದ ಕೊಕ್ಕೆಯಿಂದ ಅವರದ್ದೇ ಕತ್ತಿ ಜಾರಿ ಬಲಗಾಲಿನ ಮಣಿಗಂಟಿನ ಮುಂಭಾಗಕ್ಕೆ ಬಿದ್ದಿತ್ತು. ಊರಿನ ಹತ್ತಿರದ ಒಬ್ಬ ಕಂಪೌಂಡರ್ ಮೇಲಿನ ಚರ್ಮ ಮಾತ್ರ ಹೊಲಿದು ಕಳಿಸಿದ್ದ. ಗಾಯ ಚೆನ್ನಾಗಿ ಮಾಗಿತ್ತು, ಆದರೆ ಪಾದ ಜೋತುಬಿದ್ದಿತ್ತು. ಒಳಗೆ ಪಾದವನ್ನು ಎತ್ತುವ ದೊಡ್ಡ ಹುರಿಯೂ ಹೆಬ್ಬೆರಳಿನ ಹುರಿಯೂ ಕಡಿದು, ನಾಲ್ಕು ತಿಂಗಳಲ್ಲಿ ತುದಿಗಳು ಮೇಲಕ್ಕೆ ಕೆಳಕ್ಕೆ ಸರಿದುಹೋಗಿದ್ದವು.

ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗಲೇ ಅಷ್ಟಿಷ್ಟು ಬದಲಾಗಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

“ನೀವು ಯಾವುದರ ಡಾಕ್ಟ್ರು ಬಾಯಮ್ಮ?” ಎಂದು ಕೇಳಿದರು.

“ನಾನು ಹೆಣ ಕೊಯ್ದು ಪಾಠ ಮಾಡುವವಳು.”

“ಹಾಗಾದರೆ ನಿಮ್ಮದೇ ಆರಾಮ. ನಿಮ್ಮ ಪೇಶಂಟುಗಳು ವಾಪಸ್ ಬಂದು ನೋವು ಅಂತ ಹೇಳುವುದಿಲ್ಲ ಅಲ್ವಾ!”

ಪಕ್ಕದ ಮಂಚದವರೂ ನಕ್ಕರು. ಕಾಲಬುಡದಲ್ಲಿ ಮೊರದ ತುಂಬ ಎಲೆ ಹರಡಿಕೊಂಡು ಬೀಡಿ ಕಟ್ಟುತ್ತಿದ್ದ ಅವರ ಹೆಂಡತಿ ಗಿರಿಜಕ್ಕ ಮಾತ್ರ ನಗಲಿಲ್ಲ. “ಇವರಿಗೆ ಎಲ್ಲದರಲ್ಲೂ ತಮಾಷೆ. ಮಳೆ ಬಿಟ್ಟ ಕೂಡಲೇ ಮರ ಹತ್ತದಿದ್ದರೆ ಧಣಿಗಳು ಹದಿನಾಲ್ಕು ಮರವನ್ನೂ ಬೇರೆಯವರಿಗೆ ಕೊಡುತ್ತಾರೆ. ಅದನ್ನು ಕೇಳಿ ಇವರ ಹತ್ತಿರ,” ಎಂದರು.

ಶೀನಣ್ಣನ ಮುಖದಲ್ಲಿ ನಗು ಇಳಿಯಿತು. “ನನಗೆ ಓಡಬೇಕಂತಿಲ್ಲ, ಕುಣಿಯಬೇಕಂತಿಲ್ಲ. ಎರಡೂ ಪಾದಕ್ಕೆ ಹಗ್ಗದ ತಳೆ ಸಿಕ್ಕಿಸಿ ಮರವನ್ನು ಅಪ್ಪಿ ಹಿಡಿಯಬೇಕು. ಈ ಪಾದ ಹೀಗೆ ನೇತಾಡಿದರೆ ತಳೆ ಕಳಚುತ್ತದೆ. ಮರ ಹತ್ತಲಿಕ್ಕೆ ಆಗುತ್ತದಾ ಇಲ್ಲವಾ, ಅಷ್ಟು ಹೇಳಿ.”

ಅದನ್ನು ಹೇಳಬೇಕಾದವರು ಸರ್. ನಾನು ಹೇಳಿದೆ. ಎಲ್ಲರಿಗೂ ಕಾಲಿನ ಹಿಂದೆ ಏನೂ ಕೆಲಸವಿಲ್ಲದ ಒಂದು ನರ ಇರುತ್ತದೆ, ದೇವರು ಸ್ಪೇರ್ ಇಟ್ಟ ಹಾಗೆ, ಅದನ್ನು ತೆಗೆದು ಮುಂದೆ ಹೊಲಿಯುತ್ತಾರೆ ಎಂದೆ. ಎಲ್ಲರಿಗೂ ಎಂದೆನೇ, ಹೆಚ್ಚಿನವರಿಗೆ ಎಂದೆನೇ? ಎಲ್ಲರಿಗೂ ಎಂದೇ ಇರಬೇಕು. ಏಕೆಂದರೆ ಮುಂದಿನ ಗುರುವಾರ ನಾವು ಹೋದಾಗ ಶೀನಣ್ಣ ವಾರ್ಡಿನವರಿಗೆಲ್ಲ, “ಲಾರಿಗೆ ಮಾತ್ರ ಅಲ್ಲ ಮಾರಾಯ್ರೆ, ನನ್ನ ಕಾಲಿಗೂ ಸ್ಪೇರ್ ಉಂಟು,” ಎಂದು ಹೇಳಿಕೊಂಡು ಮಲಗಿದ್ದರು.

ಆಪರೇಷನ್ ಆದದ್ದು ಅದೇ ದಿನ. ಹೊರಗೆ ಮಳೆ ಎಷ್ಟು ಜೋರಾಗಿತ್ತೆಂದರೆ ಥಿಯೇಟರಿನಲ್ಲಿ ಮಾತು ಕೇಳಿಸಬೇಕಾದರೆ ಸ್ವರ ಏರಿಸಬೇಕಾಗಿತ್ತು. ಬೆನ್ನಿಗೆ ಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಶೀನಣ್ಣ ಎಚ್ಚರವಾಗಿದ್ದರು, ಎದೆಯ ಮೇಲೆ ಅಡ್ಡ ಕಟ್ಟಿದ ಹಸಿರು ಬಟ್ಟೆಯ ಆಚೆ. ನಾನು ಮುಖಕ್ಕೆ ಬಟ್ಟೆ ಕಟ್ಟಿ ಗೋಡೆಗೆ ಒತ್ತಿ ನಿಂತಿದ್ದೆ. ಸರ್ ಮುಂಭಾಗ ಬಿಚ್ಚಿ ಕಡಿದ ತುದಿಗಳನ್ನು ಹುಡುಕಿ ಹಿಡಿದರು. ಆಮೇಲೆ ಹಿಮ್ಮಡಿಯ ಒಳಬದಿಯಲ್ಲಿ ಸಣ್ಣಗೆ ಕೊಯ್ದು ಪ್ಲಾಂಟಾರಿಸ್ ಹುಡುಕಿದರು. ಸಿಗಲಿಲ್ಲ. ಮೀನಖಂಡದ ಬಳಿ ಮತ್ತೊಂದು ಕಡೆ ಕೊಯ್ದರು. ಅಲ್ಲೂ ಇಲ್ಲ.

ಸರ್ ತಲೆ ಎತ್ತಿ ನನ್ನನ್ನು ನೋಡಿದರು. ಕೇಳಿದ್ದು ಇಂಗ್ಲಿಷಿನಲ್ಲಿ. ಬಲಗಾಲಿನಲ್ಲಿ ಇಲ್ಲ, ಎಡಗಾಲು ನೋಡಬೇಕಾದರೆ ಅದನ್ನೂ ತೊಳೆದು, ಬಟ್ಟೆಗಳನ್ನು ಬದಲಿಸಬೇಕು, ಅಷ್ಟರಲ್ಲಿ ಬೆನ್ನಿನ ಮದ್ದು ಇಳಿಯುತ್ತಾ ಬರುತ್ತದೆ. ನಿನ್ನ ರಿಜಿಸ್ಟರ್ ಏನು ಹೇಳುತ್ತದೆ ಹಿಲ್ಡಾ, ಒಂದು ಬದಿ ಇಲ್ಲದವರಿಗೆ ಇನ್ನೊಂದು ಬದಿ ಇರುತ್ತದೆಯೇ?

ಥಿಯೇಟರಿನಲ್ಲಿ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಸರ್ಜನ್ ಒಬ್ಬರು ಕೈಯಲ್ಲಿ ಕತ್ತರಿ ಹಿಡಿದುಕೊಂಡು ನನ್ನ ಉತ್ತರಕ್ಕಾಗಿ ನಿಂತದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ನನ್ನ ಕಣ್ಣ ಮುಂದೆ ರಿಜಿಸ್ಟರಿನ ಪುಟ ಬಂತು. ಬಲಗಾಲಿನಲ್ಲಿ ‘ಇಲ್ಲ’ ಎಂದು ಬರೆದ ಕಡೆಗಳಲ್ಲಿ, ಅದರ ಪಕ್ಕದಲ್ಲಿ ಎರಡು ಗೆರೆ. ಬರೆಯುವಾಗ ಅವು ನೋಡದೆ ಹಾಕಿದ ಗೆರೆಗಳಾಗಿದ್ದವು. ಆ ಕ್ಷಣಕ್ಕೆ ಅವು ಕಂಡು ಬರೆದ ಉತ್ತರದ ಹಾಗೆ ಕಂಡವು.

“ಇರುವುದಿಲ್ಲ ಸರ್. ಎರಡೂ ಬದಿ ಒಂದೇ.”

ಹೀಗೆಂದೆ ಎಂದು ನನ್ನ ನೆನಪು. ಡೈರಿಯಲ್ಲಿ “ಇರಲಾರದು ಎಂದೆ” ಎಂದಿದೆ. ಇರುವುದಿಲ್ಲ ಮತ್ತು ಇರಲಾರದು ಇವುಗಳ ನಡುವೆ ಒಬ್ಬ ಸರ್ಜನ್ ಎಡಗಾಲನ್ನು ಬಿಚ್ಚಿ ನೋಡಲು ಬೇಕಾದಷ್ಟು ಜಾಗವಿದೆ. ಅದೇ ಸಂಜೆ ಬರೆದದ್ದು. ಹಾಗಾಗಿ ಡೈರಿಯನ್ನೇ ನಂಬಬೇಕು. ಆದರೆ ಎರಡು ಗೆರೆ ಹಾಕಿದ ಕೈಯೇ ಡೈರಿಯನ್ನೂ ಬರೆದದ್ದು.

ಬಟ್ಟೆಯ ಆಚೆಯಿಂದ ಶೀನಣ್ಣನ ಸ್ವರ ಬಂತು. “ಸಿಕ್ಕಿತಾ ಬಾಯಮ್ಮ, ಸ್ಪೇರ್?”

ನರ್ಸ್ ಅವರ ಹಣೆ ಒರೆಸಿ, “ಸುಮ್ಮನೆ ಮಲಗಿ ಶೀನಣ್ಣ,” ಎಂದರು.

ಸರ್ ಅದೇ ಪಾದದ ಎರಡು ಬೆರಳುಗಳನ್ನು ಎತ್ತುವ ಹುರಿಗಳನ್ನು ಬಿಡಿಸಿ ತೆರಪಿಗೆ ಹೊಲಿದರು. ಉದ್ದ ಸಾಲುತ್ತಿರಲಿಲ್ಲ, ಪಾದವನ್ನು ಪೂರ್ತಿ ಮೇಲಕ್ಕೆ ಮಡಚಿ ಬಿಗಿಯಾಗಿ ಹೊಲಿಯಬೇಕಾಯಿತು. ಪ್ಲಾಸ್ಟರ್ ಹಾಕಿ ಆರು ವಾರ ಎಂದರು. ಮಣಿಪಾಲಕ್ಕೆ ಮರಳುವಾಗ ಕಾರಿನಲ್ಲಿ, “ಇವತ್ತು ನೀನಿದ್ದದ್ದು ಒಳ್ಳೆಯದಾಯಿತು,” ಎಂದರು. ವೈಪರ್ ಕೆಲಸ ಮಾಡುತ್ತಿರಲಿಲ್ಲ. ಅವರು ಕಿಟಕಿಯಿಂದ ಕೈ ಹೊರಹಾಕಿ ಗಾಜು ಒರೆಸುತ್ತಾ ಓಡಿಸುತ್ತಿದ್ದರು. ಮಣಿಪಾಲ ತಲುಪುವವರೆಗೂ ನಾನು ನೋಡದೆ ಗೆರೆ ಹಾಕಿದ ಮೇಜುಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಬಾಬಣ್ಣನಿಗೆ ಆರನೆಯ ಮೇಜಿನ ಎಡಗಾಲು ಬಿಚ್ಚಲು ಹೇಳಿದೆ. ಆ ಮೇಜಿನ ಬಲಗಾಲಿನಲ್ಲಿ ಪ್ಲಾಂಟಾರಿಸ್ ಇರಲಿಲ್ಲ.

“ಈ ಕತ್ತಲೆಯಲ್ಲಾ ಮೇಡಂ? ಇದು ಮುಂದಿನ ಬ್ಯಾಚಿಗೆ ಇಟ್ಟದ್ದು.”

“ಟಾರ್ಚ್ ಹಿಡಿ ಬಾಬಣ್ಣ.”

ಚರ್ಮ ಸರಿಸಿ ಮೀನಖಂಡದ ದಪ್ಪ ಮಾಂಸವನ್ನು ಎತ್ತಿದೆ. ಬೇರೇನನ್ನೂ ಕೊಯ್ಯಬೇಕಾಗಲಿಲ್ಲ. ಎರಡು ಮಾಂಸಗಳ ನಡುವೆ, ಟಾರ್ಚಿನ ಬೆಳಕಿನಲ್ಲಿ, ಅದು ಇತ್ತು. ಬಿಳಿಯಾಗಿ, ತೆಳ್ಳಗೆ, ಹಿಮ್ಮಡಿಯವರೆಗೂ.

“ಇದೇ ಅಲ್ವಾ ನೀವು ಯಾವಾಗಲೂ ಹುಡುಕುವುದು, ದಾರದ ಹಾಗೆ?” ಎಂದ ಬಾಬಣ್ಣ. ಆಮೇಲೆ ರಿಜಿಸ್ಟರಿನ ಕಡೆ ನೋಡಿದ. ಹಾಲಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಯಾವ ಕಾಲಂ ಯಾವುದರದ್ದು ಎಂದು ಗೊತ್ತಿತ್ತು. “ಬಲದ ಹಾಗೆಯೇ ಎಡವೂ ಇರಬೇಕು ಅಂತ ಇವನಿಗೆ ಯಾರು ಹೇಳಿದ್ದಾರೆ ಮೇಡಂ? ಪಾಪ, ಇವನಿಗೆ ಓದಲಿಕ್ಕೂ ಬರುತ್ತಿರಲಿಲ್ಲವೋ ಏನೋ.”

ಆ ವಾರ ಎಲ್ಲ ಎಡಗಾಲುಗಳನ್ನೂ ಬಿಚ್ಚಿದೆವು. ಆರನೆಯ ಮೇಜಿನಂಥದ್ದು ಮತ್ತೂ ಇತ್ತು. ನಾನು ಮೊದಲು ಎರಡೂ ಕಾಲು ನೋಡಿದ್ದ ಮೇಜುಗಳು ಕಿಟಕಿಗೆ ಹತ್ತಿರದವು, ಅಷ್ಟೇ. ಅವು ಒಂದೇ ತರ ಇದ್ದದ್ದು ಆಕಸ್ಮಿಕ. ಗೆರೆಗಳನ್ನು ಅಳಿಸಿ ಕಂಡದ್ದನ್ನು ಬರೆದೆ. ಅಳಿಸಿದ ಕಡೆ ಕಾಗದ ತೆಳ್ಳಗಾಗಿ ಶಾಯಿ ಹಿಂದಿನ ಪುಟಕ್ಕೂ ಇಳಿಯಿತು.

ಸರ್ ಹತ್ತಿರ ಹೋಗಿ ಹೇಳಿದೆ. ಅವರು ರಿಜಿಸ್ಟರನ್ನು ಪುಟ ತಿರುವಿ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು.

“ಕತ್ತಿ ಹಿಡಿದದ್ದು ನಾನು. ನಿನ್ನನ್ನು ಕೇಳದೆ ನೋಡಬಹುದಿತ್ತು,” ಎಂದರು. “ಮತ್ತೆ, ಅವನ ಎಡಗಾಲಿನಲ್ಲಿ ಇತ್ತು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆರನೆಯ ಮೇಜಿನವನಿಗೆ ಇತ್ತು, ಅಷ್ಟೇ.”

“ಈಗ ನೋಡಬಹುದಾ ಸರ್? ಪುನಃ ಬಿಚ್ಚಿ?”

“ಹೊಲಿಗೆಯ ಹತ್ತಿರ ಕೀವು ಬಂದಿದೆ. ಈ ಮಳೆಯಲ್ಲಿ ಅದು ಒಣಗಿದರೆ ಸಾಕು. ಒಮ್ಮೆ ಕೀವಾದ ಜಾಗದಲ್ಲಿ ಎಲ್ಲವೂ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಅಲ್ಲಿ ಇನ್ನು ಯಾವ ಹುರಿ ತಂದು ಹಾಕಿದರೂ ಜಾರುವುದಿಲ್ಲ.” ರಿಜಿಸ್ಟರ್ ಮುಚ್ಚಿ ನನ್ನ ಕಡೆ ಸರಿಸಿದರು. “ಅವನ ಹತ್ತಿರ ಹೋಗಿ ಇದನ್ನೆಲ್ಲ ಹೇಳಬೇಡ.”

ಕೀವಿನ ವಿಷಯ ನಾನು ಮರೆಮಾಚುವಂತಿಲ್ಲ. ಪ್ಲಾಂಟಾರಿಸ್ ಸಿಕ್ಕಿದ್ದರೂ ಕೀವು ಬರಬಹುದಿತ್ತು, ಅದೂ ಅಂಟಿಕೊಳ್ಳಬಹುದಿತ್ತು. ಎಷ್ಟೋ ವರ್ಷ ಈ ಒಂದು ಸಾಧ್ಯತೆಯನ್ನು ಹಿಡಿದುಕೊಂಡು ನಾನು ನಿದ್ದೆ ಮಾಡಿದ್ದೇನೆ. ಆದರೆ ಬಿಗಿಯಾಗಿ ಎಳೆದು ಹೊಲಿದದ್ದರಿಂದಲೇ ಗಾಯ ಬಿರಿಯಿತು, ಬಿರಿದದ್ದರಿಂದಲೇ ಕೀವಾಯಿತು ಎಂದೂ ಇರಬಹುದು. ಯಾವುದೂ ಬರೆದಿಟ್ಟದ್ದಿಲ್ಲ.

ಆಗಸ್ಟಿನಲ್ಲಿ ಪ್ಲಾಸ್ಟರ್ ತೆಗೆದ ದಿನ ನಾನೂ ಹೋಗಿದ್ದೆ. ತೆಳ್ಳಗಾದ ಕಾಲು, ಬಿಳಿಚಿದ ಚರ್ಮ. “ಮೇಲೆ ಎತ್ತು ಶೀನ,” ಎಂದರು ಸರ್. ಶೀನಣ್ಣನ ಹಣೆಯಲ್ಲಿ ನರ ಉಬ್ಬಿತು, ಮುಷ್ಟಿ ಬಿಗಿಯಿತು, ಮಂಡಿಯ ಕೆಳಗಿನ ಮಾಂಸ ಗಟ್ಟಿಯಾದದ್ದು ಕಂಡಿತು. ಪಾದ ಅಲುಗಲಿಲ್ಲ. ಮೊದಲು ಹೆಬ್ಬೆರಳು ಮಾತ್ರ ಬಾಗಿತ್ತು. ಈಗ ಹುರಿ ಕಳೆದುಕೊಂಡ ಪಕ್ಕದ ಎರಡು ಬೆರಳುಗಳೂ ಬಾಗಿದ್ದವು.

“ದಿನಾ ಬಿಸಿನೀರಿನಲ್ಲಿಟ್ಟು ಆಡಿಸಬೇಕು. ನಿಧಾನಕ್ಕೆ ಬರುತ್ತದೆ,” ಎಂದರು ಸರ್. ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗಿರಿಜಕ್ಕ ನಮ್ಮಿಬ್ಬರ ಮುಖವನ್ನೂ ನೋಡಿದರು.

ಆ ತಿಂಗಳು ನಾನು ಪಾಪನಿವೇದನೆಗೆ ಹೋದೆ. ಜಾಳಿಗೆಯ ಆಚೆ ಕೂತ ಪಾದ್ರಿಗಳು ತಾಳ್ಮೆಯಿಂದ ಕೇಳಿ, “ಕೆಡುಕಾಗಲಿ ಎಂದು ಹೇಳಿದೆಯಾ ಮಗಳೇ?” ಎಂದರು. ಇಲ್ಲ ಎಂದೆ. “ಹಾಗಾದರೆ ಗೊತ್ತಿಲ್ಲದೆ ಆದದ್ದು. ಅದು ಪಾಪವಲ್ಲ,” ಎಂದರು. ಗೊತ್ತಿಲ್ಲ ಎಂಬುದು ನನಗೆ ಗೊತ್ತಿತ್ತು ಎಂದು ಅವರಿಗೆ ಹೇಗೆ ವಿವರಿಸುವುದೆಂದು ತಿಳಿಯಲಿಲ್ಲ. ಹಿಂದೆ ಸಾಲಿನಲ್ಲಿ ಹೆಂಗಸರು ಕಾಯುತ್ತಿದ್ದರು. ಎದ್ದು ಬಂದೆ. ಪಾಪವೇ ಅಲ್ಲ ಎಂದ ಮೇಲೆ ಕ್ಷಮೆಯೂ ಇಲ್ಲ. ಇನ್ನು ಹೇಳಬೇಕಾಗಿದ್ದುದು ಯಾರಿಗೆ ಎಂಬುದು ಸ್ಪಷ್ಟವಾಗಿತ್ತು.

ಸೆಪ್ಟೆಂಬರ್ ಮೊದಲ ಭಾನುವಾರ ಉಡುಪಿಯಿಂದ ಕಾಪುವಿನವರೆಗೆ ಒಂದು ಬಸ್ಸು, ಅಲ್ಲಿಂದ ಎಲ್ಲೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಅವು ಡೈರಿಯಲ್ಲಿ ಇವೆ, ಹೊರಡುವ ಮೊದಲೇ ಬರೆದಿಟ್ಟಿದ್ದೆ: ಶೀನಣ್ಣ, ಅಂದು ಡಾಕ್ಟರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತುಂಟು ಎಂದೆ.

ಹಂಚಿನ ಸಣ್ಣ ಮನೆ. ಶೀನಣ್ಣ ಜಗಲಿಯಲ್ಲಿ ಬೆನ್ನು ಆನಿಸಿ ಕೂತಿದ್ದರು. ಅಂಗಿ ಹಾಕಿರಲಿಲ್ಲ, ಎದೆಯ ಮೇಲೂ ತೋಳಿನ ಒಳಬದಿಯಲ್ಲೂ ಚರ್ಮ ಉಜ್ಜಿಹೋದ ಉದ್ದುದ್ದ ಗಾಯ, ಮೇಲೆ ಅರಸಿನ.

“ಇದೆಂತ ಶೀನಣ್ಣ?”

“ಮೊನ್ನೆ ಒಮ್ಮೆ ನೋಡಿದೆ,” ಎಂದರು. “ಮನೆಯ ಹಿಂದಿನ ಮರವೇ. ಒಂದಾಳೆತ್ತರ ಹೋದೆ. ಆಮೇಲೆ ಬಲಗಾಲಿನ ತಳೆ ಕಳಚಿತು. ಮರವನ್ನು ಅಪ್ಪಿಕೊಂಡೇ ಕೆಳಗೆ ಬಂದೆ, ಹೆಂಡತಿಯನ್ನೂ ಹಾಗೆ ಅಪ್ಪಿಕೊಂಡದ್ದಿಲ್ಲ.”

“ನಿಮ್ಮ ಬಾಯಿಗೆ ಮಾತ್ರ ಪೆಟ್ಟು ಆಗುವುದೇ ಇಲ್ಲ,” ಎಂದರು ಗಿರಿಜಕ್ಕ ಒಳಗಿನಿಂದ. ಬೆಲ್ಲ, ನೀರು ತಂದಿಟ್ಟರು. ಮರಗಳು ಪಣಿಯೂರಿನ ಒಬ್ಬನಿಗೆ ಹೋದವು ಎಂದು ಹೇಳಿದ್ದು ಅವರೇ. ಹೇಳಿ ಮೊರ ಎಳೆದುಕೊಂಡು ಬಾಗಿಲ ಹತ್ತಿರ ಕೂತು ಬೀಡಿಗೆ ಕೈ ಹಚ್ಚಿದರು.

ನಾನು ಶುರುಮಾಡಿದೆ. ಅಂದು ಡಾಕ್ಟರು ನನ್ನನ್ನು ಒಂದು ಪ್ರಶ್ನೆ ಕೇಳಿದರು ಎಂದೆ. ಬಲಗಾಲಿನಲ್ಲಿ ಆ ನರ ಸಿಗಲಿಲ್ಲ, ಎಡಗಾಲಿನಲ್ಲಿ ಹುಡುಕಬೇಕಾ ಎಂದು ಕೇಳಿದರು ಎಂದೆ.

ಅಷ್ಟಕ್ಕೇ ಶೀನಣ್ಣ ನೆಟ್ಟಗೆ ಕೂತರು. ಬಲಗಾಲಿನಲ್ಲಿ ಸಿಗಲಿಲ್ಲ ಎಂಬುದು ಆಸ್ಪತ್ರೆಯಲ್ಲೇ ಅವರಿಗೆ ಗೊತ್ತಾಗಿತ್ತು. ಎಡಗಾಲಿನ ಮಾತು ಅವರು ಕೇಳಿದ್ದು ಅದೇ ಮೊದಲು.

“ಎಡಗಾಲಿನದ್ದನ್ನೂ ತೆಗೆದು ಹಾಕಬಹುದಿತ್ತಾ?”

“ಹಾಕಬಹುದಿತ್ತು. ಇದ್ದಿದ್ದರೆ.”

“ಇದರಲ್ಲಿ ಉಂಟಾ ಹಾಗಾದರೆ?” ಮುಂಡನ್ನು ಮೇಲೆ ಸರಿಸಿ ಎಡಗಾಲನ್ನು ನನ್ನ ಕಡೆ ಚಾಚಿದರು. ಮರ ಹತ್ತಿ ಹತ್ತಿ ಅಂಚುಗಳಲ್ಲಿ ಕಲ್ಲಿನಂತಾದ ಪಾದ. “ನೋಡಿ ಹೇಳಿ ಬಾಯಮ್ಮ. ನೀವು ಅದನ್ನೇ ಓದಿದವರು ಅಲ್ವಾ.”

ನಾನು ಅವರ ಮೀನಖಂಡದ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ನಾನು ಮುಟ್ಟುತ್ತಿದ್ದ ಕಾಲುಗಳು ಬೆಚ್ಚಗಿರುತ್ತಿರಲಿಲ್ಲ. ಪ್ಲಾಂಟಾರಿಸ್ ಹೊರಗಿನಿಂದ ಬೆರಳಿಗೆ ಸಿಗುವಂಥದ್ದಲ್ಲ, ಎರಡು ದಪ್ಪ ಮಾಂಸಗಳ ನಡುವೆ ಹುದುಗಿರುತ್ತದೆ. ಇದನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಆದರೂ ಒತ್ತಿದೆ, ಹಿಮ್ಮಡಿಯವರೆಗೂ ಬೆರಳಾಡಿಸಿದೆ. ಶೀನಣ್ಣ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎನ್ನಲು ಬಂದವಳು ನಾನು. ಗೊತ್ತಿಲ್ಲ ಎಂದರೆ ಈ ಮನುಷ್ಯ ಇನ್ನು ಬದುಕಿರುವವರೆಗೂ ಈ ಕಾಲನ್ನು ಹೀಗೆಯೇ ಒತ್ತಿ ಒತ್ತಿ ನೋಡುತ್ತಾರೆ ಎನಿಸಿತು. ಅವರಿಗಾಗಿ ಹಾಗೆ ಅನಿಸಿತೋ, ನನಗಾಗಿಯೋ?

“ಇಲ್ಲ ಶೀನಣ್ಣ,” ಎಂದೆ. “ಇದರಲ್ಲಿಯೂ ಇಲ್ಲ.”

ಅವರು ಉಸಿರು ಬಿಟ್ಟರು. ಮುಖ ಸಡಿಲವಾಯಿತು. “ಕೇಳಿದೆಯಾ ಗಿರಿಜಾ? ಎಡದಲ್ಲಿಯೂ ಇಲ್ಲವಂತೆ. ಸ್ಪೇರ್ ಇಲ್ಲದ ಗಾಡಿ ನಾನು, ಹುಟ್ಟಿನಿಂದಲೇ. ಹಾಗಾದರೆ ಯಾರದ್ದೂ ತಪ್ಪಲ್ಲ.” ನನ್ನ ಕಡೆ ತಿರುಗಿ, “ಇದನ್ನು ಹೇಳಲಿಕ್ಕೆ ಅಷ್ಟು ದೂರದಿಂದ ಬಂದಿರಲ್ಲ ಬಾಯಮ್ಮ,” ಎಂದರು.

ಬಸ್ಸಿನವರೆಗೆ ಗಿರಿಜಕ್ಕ ಬಂದರು. ಒಂದೇ ಕೊಡೆ. ಗದ್ದೆಯ ಹುಣಿಯ ಮೇಲಿನ ಕಾಲುದಾರಿ ದಾಟಿ ರಸ್ತೆಗೆ ಬಂದೆವು. ರಸ್ತೆಯ ಅಂಚಿನಲ್ಲಿ ನಿಂತ ಮೇಲೆ, ನನ್ನ ಕಡೆ ನೋಡದೆ, ತೀರಾ ಸಾವಕಾಶವಾಗಿ ಕೇಳಿದರು.

“ಮುಟ್ಟಿ ನೋಡಿದರೆ ಗೊತ್ತಾಗುವುದಾದರೆ, ಅಂದು ಅವರ ಬಲಗಾಲನ್ನು ಎರಡು ಕಡೆ ಕೊಯ್ದು ಹುಡುಕಿದ್ದು ಯಾಕೆ ಬಾಯಮ್ಮ?”

ಬಸ್ಸು ಬರಲು ಇನ್ನೂ ಹೊತ್ತಿತ್ತು. ಗಿರಿಜಕ್ಕ ಅಲ್ಲಿಯೇ ನಿಂತು ಕಾದರು, ಕೊಡೆಯನ್ನು ನನ್ನ ಕಡೆಗೆ ವಾಲಿಸಿ ಹಿಡಿದುಕೊಂಡು. ನಾನು ಏನೆಂದೆ ಎಂದು ಡೈರಿಯಲ್ಲಿ ಇಲ್ಲ. ಎಲ್ಲೂರಿಗೆ ಹೋಗಿದ್ದೆ, ಮಳೆ, ಎಂದಷ್ಟೇ ಇದೆ. ಏನಾದರೂ ಹೇಳಿದ್ದರೆ ಬರೆದಿರುತ್ತಿದ್ದೆ.